ಗಾಲ್ಫ್ ವರದಿಯಲ್ಲಿ ‘ಅಂಕ’ ಬೇಡ, ‘ಹೊಡೆತ’ ಎನ್ನಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಕ್ರೀಡಾ ಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಇತ್ತು. ಬೆಂಗಳೂರಿನ ಹುಡುಗನೊಬ್ಬ ಹೊರರಾಜ್ಯದ ಗಾಲ್ಫ್ ಟೂರ್ನಿಯಲ್ಲಿ ‘ಕೂದಲೆಳೆಯಲ್ಲಿ ಕಟ್ ತಪ್ಪಿಸಿಕೊಂಡರು’ ಎಂದು ಬರೆದಿದ್ದಿರಿ. ಒಂಬತ್ತನೇ ಕ್ಲಾಸು ಓದುವ ನನ್ನ ಮಗಳು ಅದನ್ನು ಗಟ್ಟಿಯಾಗಿ ಓದಿ, ‘ಅಪ್ಪಾ, ಸದ್ಯ, ತಪ್ಪಿಸ್ಕೊಂಡ್ರಂತೆ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಹುಡುಗ ಏನನ್ನೂ ತಪ್ಪಿಸಿಕೊಂಡಿರಲಿಲ್ಲ. ಎರಡು ದಿನದ ಆಟ ಮುಗಿದ ಮೇಲೆ ಮೂರನೇ ದಿನಕ್ಕೆ ಉಳಿಯುವವರ ಗೆರೆ ಎಳೆಯುತ್ತಾರೆ, ಅದೇ ಕಟ್. ಅವನು ಒಂದೇ ಒಂದು ಹೊಡೆತ ಹೆಚ್ಚು ಹೊಡೆದು ಆ ಗೆರೆಯ ಆಚೆ ಬಿದ್ದಿದ್ದ. ವೃತ್ತಿಪರ ಆಟದಲ್ಲಿ ಕಟ್ ದಾಟದವನಿಗೆ ಸಾಮಾನ್ಯವಾಗಿ ಬಹುಮಾನದ ದುಡ್ಡಿಲ್ಲ. ರೈಲು ಟಿಕೆಟ್ಟು, ಲಾಡ್ಜು, ಬ್ಯಾಗ್ ಹೊತ್ತು ಜೊತೆಗೆ ನಡೆದು ಸಲಹೆ ಕೊಡುವ ಕ್ಯಾಡಿಯ ಕೂಲಿ ಎಲ್ಲ ಕೈಯಿಂದಲೇ ಹೋಗುತ್ತದೆ. ಸೋತು ಚೀಲ ಕಟ್ಟಿಕೊಂಡು ಊರಿಗೆ ಹೊರಟ ಹುಡುಗನನ್ನು ನಿಮ್ಮ ಪತ್ರಿಕೆ ಗೆದ್ದು ಪಾರಾದವನಂತೆ ತೋರಿಸಿತು.

ನಾನು 1988ರಿಂದ 2023ರವರೆಗೆ, 35 ವರ್ಷ, ಬೆಂಗಳೂರಿನ ಗಾಲ್ಫ್ ಕೋರ್ಸಿನಲ್ಲಿ ಕ್ಯಾಡಿಯಾಗಿದ್ದೆ. ಮಂಡಿ ಸವೆದು ಬಿಟ್ಟೆ. ಸೇರಿದಾಗ ನನಗೆ 14 ವರ್ಷ. ನಮ್ಮ ಕ್ಯಾಡಿ ಶೆಡ್ಡಿಗೆ ಕನ್ನಡ ಪತ್ರಿಕೆಯೊಂದು ಬರುತ್ತಿತ್ತು. ಬ್ಯಾಗಿನ ಸರದಿ ಬರುವ ತನಕ ಕಾಯುವ ಹುಡುಗರಲ್ಲಿ ಓದು ಬಂದವನೊಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ನಾನು ಏಳನೇ ಕ್ಲಾಸು ಮುಗಿಸಿದ್ದರಿಂದ ಬಹಳ ವರ್ಷ ಆ ಕೆಲಸ ನನ್ನದೇ. ಕ್ರಿಕೆಟ್ ಓದುತ್ತಿದ್ದೆ, ಸಿನಿಮಾ ಓದುತ್ತಿದ್ದೆ, ಕೊಲೆ ಸುಲಿಗೆ ಓದುತ್ತಿದ್ದೆ. ಗಾಲ್ಫ್ ಸುದ್ದಿ ಬಂದ ದಿನ ಮಾತ್ರ ಶೆಡ್ಡೆಲ್ಲ ಗೊಂದಲ. ಇಡೀ ದಿನ ಅದೇ ಆಟದ ನಡುವೆ ಬದುಕುವ ನಮಗೇ ನಮ್ಮ ಆಟದ ಸುದ್ದಿ ಅರ್ಥವಾಗುತ್ತಿರಲಿಲ್ಲ.

ನಿಮ್ಮ ಪತ್ರಿಕೆಯೊಂದನ್ನೇ ದೂರುತ್ತಿಲ್ಲ, ಎಲ್ಲ ಕಡೆಯೂ ಹೀಗೇ ಇದೆ. ಗಾಲ್ಫ್ ಶ್ರೀಮಂತರ ಆಟ, ಅದನ್ನು ಆಡುವವರು ಇಂಗ್ಲಿಷ್ ಪತ್ರಿಕೆ ಓದುತ್ತಾರೆ, ಕನ್ನಡದಲ್ಲಿ ಹೇಗೆ ಬರೆದರೇನು ಎಂಬ ಭಾವನೆ ಇರಬಹುದು. ಆದರೆ ಆ ಆಟದಿಂದ ಅನ್ನ ತಿನ್ನುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾಡಿಗಳು, ಹುಲ್ಲು ಕತ್ತರಿಸುವ ಮಾಲಿಗಳು, ಹೊಡೆತದ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ ಚೆಂಡು ಆರಿಸುವ ಹುಡುಗರು, ಅವರ ಮನೆಯವರು, ಎಲ್ಲರೂ ಓದುವುದು ಕನ್ನಡವನ್ನೇ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಇದೇ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ವೃತ್ತಿಪರ ಆಟಗಾರ ಚಿಕ್ಕರಂಗಪ್ಪ ಬಿಡದಿ ಕಡೆಯ ಹಳ್ಳಿಯಿಂದ ಬಂದವರು. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲೂ ಕೋರ್ಸುಗಳಿವೆ. ಸುಮಾರು 150 ವರ್ಷ ಈ ನೆಲದಲ್ಲಿ ಆಡಿದ ಆಟಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ನಾಲ್ಕು ಸಾಲು ಬರೆಯಲು ಆಗುವುದಿಲ್ಲವೇ?

ಎಲ್ಲಕ್ಕಿಂತ ದೊಡ್ಡ ತಪ್ಪು ‘ಅಂಕ’ ಎಂಬ ಪದ. ಗಾಲ್ಫ್‌ನಲ್ಲಿ ಯಾರೂ ಏನನ್ನೂ ಗಳಿಸುವುದಿಲ್ಲ, ಖರ್ಚು ಮಾಡುತ್ತಾರೆ. ಚೆಂಡನ್ನು ಎಷ್ಟು ಸಲ ಹೊಡೆದು ಕುಳಿಗೆ ಹಾಕಿದಿರಿ ಎಂಬುದೇ ಲೆಕ್ಕ, ಕಡಿಮೆ ಖರ್ಚು ಮಾಡಿದವನು ಗೆದ್ದ. ನನ್ನ ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಇದನ್ನು ಹೇಳಿಕೊಟ್ಟಿದ್ದು ಸಂತೆಯ ಲೆಕ್ಕದಲ್ಲಿ. ಇಬ್ಬರೂ ಅದೇ ಸಾಮಾನು ತರಬೇಕು, ಯಾರು ಕಡಿಮೆ ದುಡ್ಡಿನಲ್ಲಿ ತಂದರೋ ಅವರು ಜಾಣರು, ಅಷ್ಟೇ ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಈ ಒಂದು ಪದ ಏನು ಮಾಡುತ್ತದೆ ನೋಡಿ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್‌ನ ಕೊನೆಯ ದಿನ, ಕಾಸುಮಿಗಾಸೆಕಿ ಕಂಟ್ರಿ ಕ್ಲಬ್‌ನಲ್ಲಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮೂರನೇ ದಿನದ ಆಟ ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಅವರ ಬ್ಯಾಗ್ ಹಿಡಿದವರು ಅವರ ತಾಯಿ. ನಸುಕಿನಲ್ಲೇ ಎದ್ದು ಟಿ.ವಿ. ಮುಂದೆ ಕೂತೆವು. ನಮ್ಮ ಬೀದಿಯ ಮೂರು ಮನೆಯವರು ನಮ್ಮಲ್ಲೇ ಇದ್ದರು, ಎಲ್ಲ ಕ್ಯಾಡಿ ಕುಟುಂಬಗಳೇ. ನಡುವೆ ಗುಡುಗು ಮಳೆ ಬಂದು ಆಟ ನಿಂತಿತು. ಮತ್ತೆ ಶುರುವಾಗಿ, ಕೊನೆಯ ಹೋಲಿನಲ್ಲಿ, ಅಂದರೆ ಕೊನೆಯ ಕುಳಿಯ ಹಾದಿಯಲ್ಲಿ, ಒಂದು ಹೊಡೆತ ಉಳಿಸಿ ಬರ್ಡಿ ಪಡೆಯಲು ಅದಿತಿ ಮೆತ್ತಗೆ ಉರುಳಿಸಿದ ಚೆಂಡು, ಅಂದರೆ ಪಟ್, ಕುಳಿಯ ಪಕ್ಕದಲ್ಲಿ ಹಾದು ಹೋದಾಗ ನಮ್ಮ ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಹಾಲಿನವನು ಬಂದು ಬಾಗಿಲು ತಟ್ಟಿದರೂ ಯಾರೂ ಏಳಲಿಲ್ಲ.

ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ ನೀರಜ್ ಚೋಪ್ರಾ ಅವರ ಚಿನ್ನ. ಅದು ಸರಿಯೇ. ಒಳಪುಟದಲ್ಲಿ ಅದಿತಿಯ ಸುದ್ದಿ ಓದಿದೆ: ‘15 ಅಂಕ ಗಳಿಸಿ ನಾಲ್ಕನೇ ಸ್ಥಾನ, ಒಂದು ಅಂಕದಿಂದ ಪದಕ ಕೈತಪ್ಪಿತು, 17 ಅಂಕ ಗಳಿಸಿದ ಅಮೆರಿಕದ ನೆಲ್ಲಿ ಕೋರ್ಡಾಗೆ ಚಿನ್ನ’. ಅದರ ಕೆಳಗೆ ಒಂದು ಪಟ್ಟಿ: ಕೋರ್ಡಾ 267, ಮೋನೆ ಇನಾಮಿ 268, ಲಿಡಿಯಾ ಕೊ 268, ಅದಿತಿ 269. ಎದುರು ಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆ ಹಿಡಿದುಕೊಂಡೇ ಬಂದರು. ‘ಏನಯ್ಯಾ ಇದು, ನಮ್ಮ ಹುಡುಗಿಗೆ 269 ಇದೆ, ಅವಳಿಗೆ 267. ನಮ್ಮವಳಿಗೆ ತಾನೇ ಚಿನ್ನ ಬರಬೇಕಾಗಿದ್ದು? ಮೋಸ ಆಗಿದೆಯಾ?’ ಎಂದು ಕೇಳಿದರು. ಅವರದ್ದೇನೂ ತಪ್ಪಿಲ್ಲ. ಮೇಲೆ 17 ದೊಡ್ಡದು, ಅದಕ್ಕೆ ಚಿನ್ನ. ಕೆಳಗೆ 269 ದೊಡ್ಡದು, ಅದಕ್ಕೆ ಏನೂ ಇಲ್ಲ. ಯಾರು ತಾನೇ ಅರ್ಥ ಮಾಡಿಕೊಳ್ಳುತ್ತಾರೆ?

ಮೇಷ್ಟ್ರನ್ನು ಕೂರಿಸಿ, ಕಾಫಿ ಕೊಟ್ಟು, ಅದೇ ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದೆ. ಆ ಕೋರ್ಸಿನ ಪಾರ್ 71. ಅಂದರೆ 18 ಹೋಲ್ ಮುಗಿಸಲು ಒಳ್ಳೆಯ ಆಟಗಾರ್ತಿಗೆ 71 ಹೊಡೆತ ಸಾಕು ಎಂದು ಗೊತ್ತುಮಾಡಿರುತ್ತಾರೆ. ನಾಲ್ಕು ದಿನಕ್ಕೆ 284. ಅದಿತಿ ಹೊಡೆದಿದ್ದು 67, 66, 68, 68, ಒಟ್ಟು 269. 284ರಲ್ಲಿ 269 ಕಳೆದರೆ 15. ಅಷ್ಟು ಹೊಡೆತ ಉಳಿಸಿದ್ದಾರೆ, ಅದೇ ‘15 ಅಂಡರ್’. ಕೋರ್ಡಾ 17 ಉಳಿಸಿದರು. ಉಳಿತಾಯ ಎಂದು ಬರೆದರೂ ಸರಿ, ಅಂಡರ್ ಎಂದು ಬರೆದರೂ ಸರಿ, ‘ಪಾರ್‌ಗಿಂತ 15 ಹೊಡೆತ ಕಡಿಮೆ’ ಎಂದರೆ ಇನ್ನೂ ಸರಿ. ಅಂಕ ಎಂದ ತಕ್ಷಣ ಎಲ್ಲವೂ ಕೆಡುತ್ತದೆ. ಮೇಷ್ಟ್ರು ಆ ಕಾಗದದ ಚೂರನ್ನು ಹರಿದು ಜೇಬಿಗೆ ಹಾಕಿಕೊಂಡು ಹೋದರು, ತಮ್ಮ ಮನೆಯಲ್ಲಿ ಹೇಳಬೇಕಂತೆ.

ಹಾಗಂತ ಅಂಕಕ್ಕೆ ಗಾಲ್ಫ್‌ನಲ್ಲಿ ಜಾಗವೇ ಇಲ್ಲ ಎಂದಲ್ಲ. ಸ್ಟೇಬಲ್‌ಫೋರ್ಡ್ ಎಂಬ ಪದ್ಧತಿ ಇದೆ, ಕ್ಲಬ್ಬುಗಳ ಒಳಗಿನ ಪಂದ್ಯಗಳಲ್ಲಿ ಬಹಳ ಬಳಕೆ. ಅಲ್ಲಿ ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದರೆ (ಬೋಗಿ) 1, ಪಾರ್‌ಗೆ 2, ಒಂದು ಕಡಿಮೆಯಾದರೆ (ಬರ್ಡಿ) 3 ಅಂಕ, ಹೆಚ್ಚು ಅಂಕ ಬಂದವರು ಗೆದ್ದರು. ಆ ಪಂದ್ಯದ ವರದಿಗೆ ಅಂಕ ಎಂದೇ ಬರೆಯಿರಿ. ಉಳಿದ ಕಡೆ ದಯವಿಟ್ಟು ಹೊಡೆತ.

ಪಾರ್ ಎಂಬ ಪದದಿಂದ ಇನ್ನೊಂದು ಎಡವಟ್ಟು. ‘ಪಾರ್‌ಗಿಂತ ಕೆಳಮಟ್ಟದ ಆಟವಾಡಿ ಮುನ್ನಡೆ ಪಡೆದರು’ ಎಂಬ ವಾಕ್ಯವನ್ನು ನಾನೇ ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದ್ದೇನೆ. ಕೆಳಮಟ್ಟದ ಆಟವಾಡಿದವನು ಮುನ್ನಡೆ ಪಡೆಯುವುದು ಹೇಗೆ? ಇಂಗ್ಲಿಷಿನಲ್ಲಿ ಮಾಮೂಲಿ ಮಾತಿನಲ್ಲಿ ಪಾರ್‌ಗಿಂತ ಕೆಳಗೆ ಎಂದರೆ ಕಳಪೆ. ಗಾಲ್ಫ್‌ನಲ್ಲಿ ಅದೇ ಹೊಗಳಿಕೆ. ಆ ಪದ ಗಾಲ್ಫ್‌ನಲ್ಲಿ ಹುಟ್ಟಿದ್ದಲ್ಲ, ಷೇರು ಪೇಟೆಯವರು ಮುಖಬೆಲೆಗೆ ಮೊದಲಿನಿಂದ ಬಳಸುತ್ತಿದ್ದದ್ದು. ಅಲ್ಲಿ ಮುಖಬೆಲೆಗಿಂತ ಇಳಿದರೆ ನಷ್ಟ, ಇಲ್ಲಿ ಇಳಿದರೆ ಲಾಭ. ಅನುವಾದ ಮಾಡುವವರು ಡಿಕ್ಷನರಿ ನೋಡಿದರೆ ಷೇರು ಪೇಟೆಯ ಅರ್ಥ ಸಿಗುತ್ತದೆ, ಕೋರ್ಸಿನ ಅರ್ಥ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ.

ಒಂದೊಂದು ಹೋಲಿಗೂ ಪಾರ್ ಬೇರೆ, 3 ಅಥವಾ 4 ಅಥವಾ 5. ಪಾರ್ 4 ಎಂದರೆ ಎರಡು ಹೊಡೆತದಲ್ಲಿ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಮುಟ್ಟಬೇಕು, ಅಲ್ಲಿಂದ ಎರಡು ಪಟ್‌ನಲ್ಲಿ ಕುಳಿಗೆ ಹಾಕಬೇಕು ಎಂಬ ಲೆಕ್ಕ. ಪಟ್‌ಗೆ ಯಾವಾಗಲೂ ಎರಡು ಎತ್ತಿಟ್ಟಿರುತ್ತಾರೆ. ಮೂರೇ ಹೊಡೆತದಲ್ಲಿ ಮುಗಿಸಿದರೆ ಬರ್ಡಿ. ಎರಡು ಉಳಿಸಿದರೆ ಈಗಲ್, ಮೂರು ಉಳಿಸಿದರೆ ಆಲ್ಬಟ್ರಾಸ್. 35 ವರ್ಷದಲ್ಲಿ ನಾನು ಆಲ್ಬಟ್ರಾಸ್ ಕಣ್ಣಾರೆ ಕಂಡಿಲ್ಲ. ಹೋಲ್ ಇನ್ ಒನ್, ಅಂದರೆ ಮೊದಲ ಹೊಡೆತದಲ್ಲೇ ಚೆಂಡು ಕುಳಿಗೆ ಬಿದ್ದದ್ದು, ಏಳು ಕಂಡಿದ್ದೇನೆ. ಹಕ್ಕಿಗಳ ಹೆಸರು ಯಾಕೆ ಎಂದು ಮಗಳು ಕೇಳಿದ್ದಳು. ಅಮೆರಿಕದಲ್ಲಿ ಹಿಂದೆ ಯಾವುದೇ ಸೊಗಸಾದ ವಸ್ತುವನ್ನು ಆಡುಮಾತಿನಲ್ಲಿ ‘ಹಕ್ಕಿ’ ಎನ್ನುತ್ತಿದ್ದರು, ಒಳ್ಳೆಯ ಹೊಡೆತವೂ ಹಕ್ಕಿಯಾಯಿತು. ಆಮೇಲೆ ಇನ್ನೂ ಒಳ್ಳೆಯದಕ್ಕೆ ಇನ್ನೂ ದೊಡ್ಡ ಹಕ್ಕಿ ಬಂತು.

ಇನ್ನು ಬೋಗಿ. ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದರೆ ಬೋಗಿ. ಕನ್ನಡದವರಿಗೆ ಬೋಗಿ ಎಂದರೆ ರೈಲಿನದು. ಒಮ್ಮೆ ‘ಭೋಗಿ’ ಎಂದೂ ಅಚ್ಚಾಗಿತ್ತು, ಮಹಾಪ್ರಾಣ ಸೇರಿ ಸಂಕ್ರಾಂತಿಯ ಹಿಂದಿನ ದಿನದ ಹಬ್ಬವಾಯಿತು. ಈ ಪದದ ಕಥೆ ನನಗೆ ಹೇಳಿದ್ದು ನಿವೃತ್ತ ಸೇನಾಧಿಕಾರಿಯೊಬ್ಬರು. ಅವರ ಬ್ಯಾಗ್ ನಾನು 11 ವರ್ಷ ಹೊತ್ತಿದ್ದೇನೆ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಹೆದರಿಸುವ ‘ಬೋಗಿ ಮ್ಯಾನ್’ ಬಗ್ಗೆ ಒಂದು ಹಾಡು ಜನರ ಬಾಯಲ್ಲಿತ್ತಂತೆ. ಕೋರ್ಸು ಗೊತ್ತುಮಾಡಿದ ಹೊಡೆತದ ಲೆಕ್ಕ ಕಣ್ಣಿಗೆ ಕಾಣದ ಎದುರಾಳಿಯಂತೆ ಬೆನ್ನು ಹತ್ತುತ್ತದೆ, ಅದನ್ನು ಮೀರುವುದು ಕಷ್ಟ ಎಂದು ಆಟಗಾರರು ಆ ಲೆಕ್ಕಕ್ಕೇ ಬೋಗಿ ಎಂದರು. ಅಂದರೆ ನಮ್ಮ ಗುಮ್ಮ. ಆಗ ಬೋಗಿ ಎಂದರೆ ಈಗಿನ ಪಾರ್‌ನಂತೆಯೇ ಗುರಿಯಾಗಿತ್ತು, ಆಮೇಲೆ ಆಟ ಸುಧಾರಿಸಿ, ಪಾರ್ ಗಟ್ಟಿಯಾಗಿ, ಬೋಗಿ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ಆ ದಿನದಿಂದ ನಾನು ಹೊಸ ಹುಡುಗರಿಗೆ ಬೋಗಿಯನ್ನು ಗುಮ್ಮ ಎಂದೇ ಹೇಳಿಕೊಟ್ಟೆ. ‘ಹನ್ನೊಂದನೇ ಹೋಲಲ್ಲಿ ಗುಮ್ಮ ಹಿಡೀತು’ ಎಂದರೆ ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ನೀವು ಗುಮ್ಮ ಎಂದು ಬರೆಯಿರಿ ಎನ್ನುವುದಿಲ್ಲ, ಬೋಗಿ ಸಾಕು. ಮಹಾಪ್ರಾಣ ಮಾತ್ರ ಬೇಡ.

ಪದ ತಪ್ಪಾದರೆ ಬರೀ ಓದುಗನಿಗೆ ಗೊಂದಲವಾಗುತ್ತದೆ ಎಂದುಕೊಳ್ಳಬೇಡಿ. ‘ಫೋರ್’ ಎಂಬ ಕೂಗಿನ ವಿಷಯ ಹೇಳುತ್ತೇನೆ.

1991ರ ಬೇಸಿಗೆ ರಜೆಯಲ್ಲಿ ನನ್ನ ಚಿಕ್ಕಪ್ಪನ ಮಗ ಮುಳಬಾಗಿಲು ಕಡೆಯ ಹಳ್ಳಿಯಿಂದ ಬಂದಿದ್ದ. 13 ವರ್ಷ. ನಾಲ್ಕು ಕಾಸು ಸಿಗಲಿ ಎಂದು ನಾನೇ ಕರೆದುಕೊಂಡು ಹೋಗಿ ಫೋರ್‌ಕ್ಯಾಡಿ ಕೆಲಸಕ್ಕೆ ನಿಲ್ಲಿಸಿದೆ. ಫೋರ್‌ಕ್ಯಾಡಿ ಎಂದರೆ ಮುಂದೆ ಹೋಗಿ ನಿಂತು ಚೆಂಡು ಎಲ್ಲಿ ಬಿತ್ತು ಎಂದು ನೋಡುವವನು. ಉತ್ತರದ ಕಡೆ ಆಗೇವಾಲಾ ಎನ್ನುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಮರದ ಮರೆ ಸೇರಬೇಕು, ಚೆಂಡು ಮುಟ್ಟಬಾರದು, ಎಲ್ಲ ಹೇಳಿದ್ದೆ. ಫೋರ್ ಎಂದರೆ ಏನು ಎಂದು ಹೇಳಲು ಮರೆತಿದ್ದೆ. ನನಗೆ ಅದು ಉಸಿರಾಡುವಷ್ಟು ಸಹಜವಾಗಿತ್ತು, ಹೇಳಬೇಕು ಎಂದು ಹೊಳೆಯಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಪಕ್ಕದ ಫೇರ್‌ವೇಯಿಂದ, ಅಂದರೆ ಹುಲ್ಲು ಕತ್ತರಿಸಿದ ಆಟದ ಹಾದಿಯಿಂದ, ಯಾರೋ ಹೊಡೆದ ಚೆಂಡು ಬಲಕ್ಕೆ ತಿರುಗಿ ಸ್ಲೈಸ್ ಆಯಿತು. ಹೊಡೆದವರು ‘ಫೋರ್!’ ಎಂದು ಕೂಗಿದರು. ಅವರ ತಪ್ಪೇನೂ ಇಲ್ಲ, ಕೂಗಬೇಕಾದ್ದೇ ಹಾಗೆ. ಕೇಳಿದವರೆಲ್ಲ ತಲೆ ಮುಚ್ಚಿ ಬಗ್ಗಿದೆವು. ನನ್ನ ತಮ್ಮ ಕತ್ತೆತ್ತಿ ಸದ್ದು ಬಂದ ಕಡೆಗೇ ತಿರುಗಿ ನೋಡಿದ. ಅವನ ಲೆಕ್ಕದಲ್ಲಿ ಫೋರ್ ಎಂದರೆ ಬೌಂಡರಿ, ಚೆಂಡು ಎತ್ತ ಹೋಯಿತು ಎಂದು ನೋಡಬೇಕಾದ್ದು. ಚೆಂಡು ಬಂದು ಎಡ ಹುಬ್ಬಿನ ಮೇಲೆ ಬಡಿಯಿತು. ನಾನು ಬ್ಯಾಗ್ ಬಿಸಾಕಿ ಓಡಿದಾಗ ಅವನು ಮಂಡಿಯೂರಿ ಕೂತಿದ್ದ, ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ‘ಅಣ್ಣಾ, ಫೋರ್ ಹೋಯ್ತಾ?’ ಎಂದು ಕೇಳಿದ. ಏಳು ಹೊಲಿಗೆ ಬಿತ್ತು. ಕಣ್ಣು ಉಳಿಯಿತು. ಈಗ ಅವನು ಕೋಲಾರದಲ್ಲಿ ಆಟೊ ಓಡಿಸುತ್ತಾನೆ, ಹುಬ್ಬಿನ ಮೇಲಿನ ಗೆರೆ ಹಾಗೇ ಇದೆ. ಚಿಕ್ಕಪ್ಪನಿಗೆ ಮುಖ ತೋರಿಸಲು ನನಗೆ ಒಂದು ವರ್ಷ ಬೇಕಾಯಿತು.

ಹಾಗಾಗಿ ‘ಪ್ರೇಕ್ಷಕರು ಫೋರ್ ಎಂದು ಹರ್ಷೋದ್ಗಾರ ಮಾಡಿದರು’ ಎಂದು ಎಲ್ಲಾದರೂ ಓದಿದರೆ ನನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದು ಹರ್ಷವಲ್ಲ, ಎಚ್ಚರಿಕೆ. ‘ತಲೆ ಮುಚ್ಕೋ, ಚೆಂಡು ಬರ್ತಿದೆ’ ಎಂದು ಅರ್ಥ. ಗಾಲ್ಫ್ ಚೆಂಡು ನೋಡಲು ನಿಂಬೆಹಣ್ಣಿನಷ್ಟು, 1.68 ಇಂಚು ಅಗಲ, ತೂಕ 46 ಗ್ರಾಂ ಕೂಡ ಇಲ್ಲ. ಆದರೆ ಕಲ್ಲಿನಂತೆ ಗಟ್ಟಿ. ಕೋರ್ಸಿನ ಬೇಲಿ ಪಕ್ಕದಲ್ಲಿ ಆಡುವ ಮಕ್ಕಳು, ಒಳಗೆ ಹುಲ್ಲು ಕೀಳುವ ಹೆಂಗಸರು ಆ ಕೂಗು ಕೇಳಿದಾಗ ಏನು ಮಾಡಬೇಕು ಎಂದು ಯಾವುದಾದರೂ ಕನ್ನಡ ಪತ್ರಿಕೆ ಒಂದೇ ಒಂದು ಸಲ ಬರೆದಿದ್ದರೆ ಚೆನ್ನಾಗಿತ್ತು.

ಹ್ಯಾಂಡಿಕ್ಯಾಪ್ ವಿಷಯಕ್ಕೆ ಬರುತ್ತೇನೆ. ಊರಿನ ಒಂದು ಪಂದ್ಯದ ಫೋಟೊ ಕೆಳಗೆ ‘18 ಪ್ರತಿಶತ ಅಂಗವೈಕಲ್ಯವಿದ್ದರೂ ಪ್ರಶಸ್ತಿ ಗೆದ್ದ ಉದ್ಯಮಿ’ ಎಂದು ಅಚ್ಚಾಗಿತ್ತು. ಆ ಮನುಷ್ಯ ನನ್ನ ಜೊತೆ 18 ಹೋಲ್ ಸರಸರನೆ ನಡೆಯುವವರು. ನಿಜವಾಗಿ ಅಂಗವೈಕಲ್ಯ ಇರುವವರಿಗೂ ಇದು ನೋವಿನ ಮಾತು. ಹ್ಯಾಂಡಿಕ್ಯಾಪ್ ಎಂದರೆ ರಿಯಾಯಿತಿ. ಆಟ ಅಷ್ಟಾಗಿ ಬಾರದವನೂ ಪಳಗಿದವನೂ ಸಮಸಮ ನಿಂತು ಆಡಲಿ ಎಂದು ಕೊಡುವ ಹೊಡೆತಗಳ ರಿಯಾಯಿತಿ. ಬೆಂಗಳೂರಿನವರಿಗೆ ಇದು ತಿಳಿಯದ ವಿಷಯವಲ್ಲ. ರೇಸ್‌ಕೋರ್ಸಿನಲ್ಲಿ ಹ್ಯಾಂಡಿಕ್ಯಾಪ್ ರೇಸಿನ ದಿನ ಚುರುಕಾದ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ, ಅದೇ ನ್ಯಾಯ. ಗಾಲ್ಫ್‌ನಲ್ಲಿ 18 ಹ್ಯಾಂಡಿಕ್ಯಾಪ್ ಇರುವವರು ಪಾರ್ 72 ಕೋರ್ಸಿನಲ್ಲಿ 90 ಹೊಡೆದರೆ, 18 ಕಳೆದು ಅವರ ಲೆಕ್ಕ 72. ಹೊಡೆದದ್ದು ಗ್ರಾಸ್, ಕಳೆದು ಉಳಿದದ್ದು ನೆಟ್. ಸಂಬಳದ ಚೀಟಿಯಲ್ಲಿ ನಾವು ದಿನಾ ನೋಡುವ ಪದಗಳೇ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ, ಹೆಚ್ಚೆಂದರೆ 54ರವರೆಗೆ ಕೊಡುತ್ತಾರೆ. ಹ್ಯಾಂಡಿಕ್ಯಾಪ್ ಕಡಿಮೆ ಇದ್ದಷ್ಟೂ ಆಟಗಾರ ದೊಡ್ಡವನು. ಇಲ್ಲೂ ಸಣ್ಣ ಸಂಖ್ಯೆಗೇ ಮರ್ಯಾದೆ.

ಮ್ಯಾಚ್ ಪ್ಲೇ ವರದಿಯಲ್ಲಿ ‘3-2ರಿಂದ ಜಯ’ ಎಂದು ಬರೆಯುವುದೂ ಹಾಗೆಯೇ ತಪ್ಪು. ಅದು ಹಾಕಿಯ ಗೋಲಿನ ಲೆಕ್ಕವಲ್ಲ. ಅಲ್ಲಿ ಒಂದೊಂದು ಹೋಲೂ ಒಂದು ಪಂದ್ಯದ ಹಾಗೆ. ಒಬ್ಬ ಮೂರು ಹೋಲ್ ಮುಂದಿದ್ದಾನೆ, ಆಡಲು ಉಳಿದಿರುವುದು ಎರಡೇ, ಇನ್ನು ಎದುರಾಳಿಗೆ ದಾರಿಯೇ ಇಲ್ಲ, ಆಟ ಅಲ್ಲಿಗೇ ಮುಗಿಯಿತು. ‘ಎರಡು ಹೋಲ್ ಬಾಕಿ ಇರುವಾಗಲೇ ಮೂರು ಹೋಲ್ ಮುನ್ನಡೆಯಿಂದ ಗೆದ್ದರು’ ಎಂದು ಬರೆದರೆ ಒಂದು ಸಾಲು ಹೆಚ್ಚು ಬೇಕು, ಅಷ್ಟೇ.

‘ಹದಿನೆಂಟನೇ ರಂಧ್ರದಲ್ಲಿ’ ಎಂಬುದನ್ನೂ ಬಿಡಿ. ಹೋಲ್ ಎಂದರೆ ಬರೀ ತೂತಲ್ಲ. ಟೀ ಎಂಬ ಸಣ್ಣ ಮೊಳೆಯ ಮೇಲೆ ಚೆಂಡಿಟ್ಟು ಮೊದಲ ಹೊಡೆತ ಹೊಡೆಯುವ ಜಾಗದಿಂದ ಹಿಡಿದು ಫೇರ್‌ವೇ, ಎತ್ತರ ಹುಲ್ಲಿನ ರಫ್, ಮರಳಿನ ಬಂಕರ್ ದಾಟಿ ಗ್ರೀನ್ ಮೇಲಿನ ಬಾವುಟದವರೆಗೆ, 400, 500 ಗಜದ ಆ ಪೂರಾ ಹಾದಿಗೇ ಹೋಲ್ ಎನ್ನುತ್ತಾರೆ. ಕೊನೆಯಲ್ಲಿ ಚೆಂಡು ಬೀಳುವ ಕುಳಿಯನ್ನು ನಾವು ಕಪ್ ಎನ್ನುತ್ತೇವೆ. ಹೋಲ್‌ಗೆ ಹೋಲ್ ಎಂದೇ ಬರೆಯಿರಿ, ಕಪ್‌ಗೆ ಬೇಕಾದರೆ ಕುಳಿ ಎನ್ನಿ.

ಕನ್ನಡ ಬೇಡ, ಎಲ್ಲ ಇಂಗ್ಲಿಷ್ ಪದವೇ ಇರಲಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಶೆಡ್ಡಿನಲ್ಲಿ ಕನ್ನಡ ತಾನಾಗಿ ಬೆಳೆದಿತ್ತು. ಚೆಂಡು ಹುಲ್ಲಿನ ಮೇಲೆ ಚೆನ್ನಾಗಿ ನಿಂತಿದ್ದರೆ ‘ಬಾಲ್ ಕೂತಿದೆ ಸಾರ್’, ಹುಲ್ಲೊಳಗೆ ಹುದುಗಿದ್ದರೆ ‘ಮುಳುಗಿದೆ ಸಾರ್’. ಆಟಗಾರ ಚೆಂಡಿನ ಮೇಲ್ಭಾಗಕ್ಕೆ ತಾಗಿಸಿ ಅದು ನೆಲದಲ್ಲೇ ಉರುಳಿದರೆ ‘ತಲೆಗೆ ಬಿತ್ತು’. ಕಬ್ಬಿಣದ ಕ್ಲಬ್ಬು, ಅಂದರೆ ಚೆಂಡು ಹೊಡೆಯುವ ಕೋಲು, ಬೀಸಿದಾಗ ಕಿತ್ತು ಬರುವ ಹುಲ್ಲಿನ ತುಂಡಿಗೆ ‘ಹೆಂಟೆ’. ಆ ಗಾಯಕ್ಕೆ ಮರಳು ತುಂಬಿ ಕಾಲಲ್ಲಿ ಒತ್ತುವುದು ನಮ್ಮ ಕೆಲಸ. ಉತ್ತ ಹೊಲದ ಹೆಂಟೆ ನೋಡಿ ಬೆಳೆದ ಹುಡುಗರು ಬೇರೆ ಪದ ಯಾಕೆ ಹುಡುಕುತ್ತಾರೆ?

ಕ್ಯಾಡಿಯನ್ನು ‘ಬ್ಯಾಗ್ ಹೊರುವ ಸಹಾಯಕ’ ಎಂದು ಬರೆಯುತ್ತೀರಿ. ಇದೊಂದು ನನ್ನ ಮನಸ್ಸಿಗೆ ಹತ್ತಿರದ ಮಾತು, ಸ್ವಲ್ಪ ಜಾಗ ಕೊಡಿ. ಬ್ಯಾಗ್ ಹೊರುವುದು ನಿಜ. ಅದರಲ್ಲಿ 14 ಕ್ಲಬ್ಬುಗಳು, ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಆದರೆ ಗಾಲ್ಫ್ ನಿಯಮದಲ್ಲಿ ಒಂಟಿಯಾಗಿ ಆಡುವ ಆಟಗಾರ ಆಟದ ನಡುವೆ ಸಲಹೆ ಕೇಳಬಹುದಾದದ್ದು ಒಬ್ಬನನ್ನೇ, ತನ್ನ ಕ್ಯಾಡಿಯನ್ನು. ಕೋಚ್ ಪಕ್ಕದಲ್ಲೇ ನಿಂತಿದ್ದರೂ ಕೇಳಿದರೆ ದಂಡ. ಟೋಕಿಯೊದಲ್ಲಿ ಅದಿತಿಯ ಪಕ್ಕ ನಡೆದ ತಾಯಿ ಸಾಮಾನು ಹೊರಲು ಹೋದವರಲ್ಲ, ಇಡೀ ಕೋರ್ಸಿನಲ್ಲಿ ಮಗಳು ಮಾತು ಕೇಳಬಹುದಾಗಿದ್ದ ಒಬ್ಬರೇ ಒಬ್ಬರು.

ಗ್ರೀನ್ ಮೇಲೆ ಕ್ಯಾಡಿ ಏನು ಮಾಡುತ್ತಾನೆ ಎಂದು ಯಾರಾದರೂ ಹತ್ತಿರದಿಂದ ನೋಡಬೇಕು. ಬೆಳಗಿನ ಮಂಜು ಇನ್ನೂ ಆರಿಲ್ಲ ಅಂತಿಟ್ಟುಕೊಳ್ಳಿ. ನಡೆದರೆ ಶೂ ಕೆಳಗೆ ಹುಲ್ಲು ಒದ್ದೆಯಾಗಿ ಒತ್ತುತ್ತದೆ. ಆಗ ಚೆಂಡು ನಿಧಾನ, ಸ್ವಲ್ಪ ಗಟ್ಟಿ ಹೊಡೆಯಬೇಕು. ಬಗ್ಗಿ ನೋಡಿದರೆ ಒಂದು ಕಡೆಯಿಂದ ಹುಲ್ಲು ಹೊಳೆಯುತ್ತದೆ, ಇನ್ನೊಂದು ಕಡೆಯಿಂದ ಕಪ್ಪಾಗಿ ಕಾಣುತ್ತದೆ. ಹೊಳೆದರೆ ಹುಲ್ಲು ನಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತದೆ. ಕಪ್ಪಾದರೆ ಎದುರಿಗೆ ನಿಂತಿದೆ, ತಡೆಯುತ್ತದೆ. ಆಮೇಲೆ ಇಳಿಜಾರು. ಅದನ್ನು ಕಣ್ಣಿಗಿಂತ ಪಾದ ಚೆನ್ನಾಗಿ ಹೇಳುತ್ತದೆ. ಚೆಂಡಿನಿಂದ ಕಪ್‌ವರೆಗೆ ಗೆರೆಯ ಪಕ್ಕದಲ್ಲೇ ಒಮ್ಮೆ ನಡೆದು ಬಂದರೆ ಯಾವ ಕಾಲಿನ ಮೇಲೆ ಭಾರ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಇಷ್ಟನ್ನೂ ಸೇರಿಸಿ ನಾನು ಹೇಳುವುದು ಎರಡು ಮಾತು: ‘ಸಾರ್, ಎರಡು ಕಪ್ ಎಡಕ್ಕೆ. ಮೆತ್ತಗೆ.’ ಕಪ್‌ನ ಅಗಲ ನಾಲ್ಕೂಕಾಲು ಇಂಚು. ಎರಡು ಕಪ್ ಎಂದರೆ ಕುಳಿಯಿಂದ ಎಂಟೂವರೆ ಇಂಚು ಎಡಕ್ಕೆ ಗುರಿ ಇಡಿ, ಇಳಿಜಾರು ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದು. ಕಪ್ಪನ್ನೇ ಅಳತೆಗೋಲು ಮಾಡಿಕೊಂಡ ಈ ಮಾತು ಯಾವ ಕನ್ನಡ ವರದಿಯಲ್ಲೂ ನಾನು ಓದಿಲ್ಲ.

ನಾನಿದ್ದ ಕೋರ್ಸಿಗೆ ಸೋಮವಾರ ರಜೆ. ಅವತ್ತು ಕ್ಯಾಡಿಗಳಿಗೆ, ಅವರ ಮಕ್ಕಳಿಗೆ ಆಡಲು ಬಿಡುತ್ತಿದ್ದರು. ನನ್ನ ಮಗಳು ಹಳೆಯ ಏಳು ನಂಬರಿನ ಐರನ್ ಕ್ಲಬ್ಬು ಮತ್ತು ಪಟ್ ಹೊಡೆಯುವ ಒಂದು ಪಟರ್ ಹಿಡಿದು ಅಲ್ಲೇ ಕಲಿತಳು. ಈಗ ಅವಳಿಗೆ ಸ್ಕೋರ್‌ಕಾರ್ಡ್ ಬರೆಯುವ ಹುಚ್ಚು. ಅದಿತಿಯ ಸುದ್ದಿ ಎಲ್ಲಿ ಬಂದರೂ ಕತ್ತರಿಸಿ ಅಂಟಿಸುತ್ತಾಳೆ, ಅಂಕ ಎಂದು ಇದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ ‘ಹೊಡೆತ’ ಎಂದು ಬರೆಯುತ್ತಾಳೆ. ಆ ಪುಸ್ತಕದಲ್ಲಿ ಕೆಂಪು ಬಹಳ ಆಗಿದೆ.

ನಾನು ಕೇಳುವುದು ಹೆಚ್ಚಿಲ್ಲ. ಗಾಲ್ಫ್ ವರದಿ ಬರೆಯುವವರು, ಸುದ್ದಿಸಂಸ್ಥೆಯ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರು ಒಮ್ಮೆ ಯಾವುದಾದರೂ ಕ್ಯಾಡಿ ಶೆಡ್ಡಿಗೆ ಬರಲಿ. ಒಂದು ಬೆಳಿಗ್ಗೆ ಸಾಕು, ಆರರಿಂದ ಹತ್ತರವರೆಗೆ. 18 ಹೋಲ್ ಜೊತೆಗೆ ನಡೆಯಲಿ. ಬರಲು ಆಗದಿದ್ದರೆ ಇರಲಿ ಎಂದು ಈ ಪತ್ರದ ಜೊತೆ ನನ್ನ ನೋಟ್‌ಬುಕ್ಕಿನ ಆರು ಹಾಳೆಗಳ ಜೆರಾಕ್ಸ್ ಇಟ್ಟಿದ್ದೇನೆ. ಶೆಡ್ಡಿಗೆ ಬರುವ ಹೊಸ ಹುಡುಗರಿಗಾಗಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದ ಪದಗಳು, ಒಟ್ಟು 83. ನನ್ನ ಅಕ್ಷರ ಓದಲಾಗುವುದಿಲ್ಲ ಎಂದು ಮಗಳು ಶುದ್ಧವಾಗಿ ಬರೆದುಕೊಟ್ಟಿದ್ದಾಳೆ. ಫೋರ್ ಎಂಬುದನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ನಿಮ್ಮ ಕ್ರೀಡಾ ವಿಭಾಗದವರ ಮೇಜಿನ ಗಾಜಿನ ಕೆಳಗೆ ಆ ಹಾಳೆಗಳು ಇರಲಿ.

ಇಂತಿ,
ಒಬ್ಬ ನಿವೃತ್ತ ಕ್ಯಾಡಿ
ಮುರುಗೇಶಪಾಳ್ಯ, ಬೆಂಗಳೂರು